ಮುಚ್ಚಳ ಮೂಸುವ ಭಾವ

ನನ್ನ ಅಕ್ಕನ ಗಂಡ ಇಪ್ಪತ್ತಾರು ವರ್ಷ ಹಾಲಿನ ಡೇರಿಯಲ್ಲಿ ಮುಚ್ಚಳ ಮೂಸಿದರು. ಕೇಳಿದವರಿಗೆ ನಗು ಬರುತ್ತದೆ, ಆದರೆ ಅದೇ ಅವರ ಕೆಲಸ. ಬೆಳಿಗ್ಗೆ ಲಾರಿಯಿಂದ ಕ್ಯಾನುಗಳು ಇಳಿಯುತ್ತಿದ್ದವು. ಭಾವ ಒಂದೊಂದರ ಮುಚ್ಚಳ ಎತ್ತಿ, ಬೋರಲು ತಿರುಗಿಸಿ ಮೂಗಿನ ಹತ್ತಿರ ಹಿಡಿಯುತ್ತಿದ್ದರು. ಮೂಸುತ್ತಿದ್ದದ್ದು ಹಾಲನ್ನಲ್ಲ, ಮುಚ್ಚಳವನ್ನು. ಹಾಲಿನ ಗುಟ್ಟೆಲ್ಲ ಮುಚ್ಚಳದ ಅಡಿಗೆ ಅಂಟಿಕೊಂಡಿರುತ್ತದಂತೆ. ಎತ್ತಿದ ತಕ್ಷಣ ಸಿಕ್ಕರೆ ಸಿಕ್ಕಿತು, ಇಲ್ಲದಿದ್ದರೆ ಗಾಳಿಗೆ ಹೋಯಿತು. ಹಾಲು ಸರಿಯಿದ್ದರೆ ಕ್ಯಾನಿನ ಹೊಟ್ಟೆಗೆ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿ "ತಗೋ" ಅನ್ನುವರು. ಇಲ್ಲದಿದ್ದರೆ ತಟ್ಟದೆ "ಬೇಡ" ಅನ್ನುವರು. ಹಾಲು ತಂದವನು ಕೂಗಾಡಿದರೆ, ಮುಚ್ಚಳವನ್ನೇ ಅವನ ಮುಂದೆ ಹಿಡಿದು "ನೀವೇ ನೋಡಿ" ಅನ್ನುವರು. ದನಿ ಎತ್ತಿದ್ದನ್ನು ಯಾರೂ ಕೇಳಿಲ್ಲ.

ನನ್ನದು ತದ್ವಿರುದ್ಧ. ಏಳನೇ ಕ್ಲಾಸಿಗೆ ನಾನು ಸ್ಕೂಲನ್ನು ಬಿಟ್ಟೆನೋ ಸ್ಕೂಲು ನನ್ನನ್ನು ಬಿಟ್ಟಿತೋ ಇವತ್ತಿಗೂ ತೀರ್ಮಾನವಾಗಿಲ್ಲ. ಆಗಿನಿಂದ ವೆಲ್ಡಿಂಗ್ ಮಾಡುತ್ತಿದ್ದೇನೆ. ಊರವರು ನನ್ನನ್ನು ಕಿಡಿ ಅನ್ನುತ್ತಾರೆ. ಕೆಲಸದಿಂದ ಬಂದ ಹೆಸರು ಅಂತ ನಾನು ಹೇಳಿಕೊಳ್ಳುತ್ತೇನೆ, ಅಕ್ಕ ಒಪ್ಪುವುದಿಲ್ಲ.

ಬಿಯರಿನ ಹುಚ್ಚು ಭಾವನಿಗೆ ಹತ್ತಿದ್ದು ಒಂದು ತರಬೇತಿಯಲ್ಲಿ. ಡೇರಿಯವರು ಎಂಟು ದಿನ ದೊಡ್ಡ ಪಟ್ಟಣಕ್ಕೆ ಕಳಿಸಿದ್ದರು. ಅಲ್ಲಿ ಪಾಠ ಹೇಳುವವರೊಬ್ಬರು ಸಂಜೆ ಒಂದು ಸಣ್ಣ ಅಂಗಡಿಗೆ ಕರೆದುಕೊಂಡು ಹೋದರಂತೆ. ಅಂಗಡಿಯವನೇ ಹಿಂದಿನ ಕೋಣೆಯಲ್ಲಿ ಬಿಯರ್ ಮಾಡಿ ಮುಂದಿನ ಕೋಣೆಯಲ್ಲಿ ಕೊಡುತ್ತಿದ್ದ. ವಾಪಸು ಬಂದ ಭಾವ ವರ್ಷಗಟ್ಟಲೆ ಅದನ್ನೇ ಹೇಳುತ್ತಿದ್ದರು. "ಮೊದಲು ಬ್ರೆಡ್ಡಿನ ಸೀದ ಅಂಚಿನ ವಾಸನೆ ಕಣೋ. ಆಮೇಲೆ ಕಿತ್ತಳೆ ಸಿಪ್ಪೆ ಹಿಚುಕಿದ ಹಾಗೆ. ಕೊನೇಲಿ ಕಹಿ. ಆದ್ರೆ ಬೈಯೋ ಕಹಿ ಅಲ್ಲ, ಮಾತಾಡಿಸೋ ಕಹಿ."

ನಮ್ಮ ಕಡೆ ಸಿಗುತ್ತಿದ್ದದ್ದು ಬೈಯುವ ಕಹಿ ಮಾತ್ರ. ಸುತ್ತ ಆರು ಗಂಟೆಯ ದಾರಿಯಲ್ಲಿ ಯಾವ ಬಾರಿಗೆ ಹೋದರೂ ಒಂದೇ ಕಂಪನಿಯ ಒಂದೇ ಬಾಟಲಿ. ವಾರಕ್ಕೊಂದು ಸಲ ಲಾರಿ ಬಂದು ಕ್ರೇಟುಗಳನ್ನು ಬಿಸಿಲಲ್ಲಿ ಇಳಿಸಿ ಹೋಗುತ್ತದೆ, ಮಧ್ಯಾಹ್ನದವರೆಗೆ ಅವು ಅಲ್ಲೇ ಕಾಯುತ್ತವೆ. ಮೊದಲ ಗುಟುಕಿಗೆ ನೊರೆ, ಎರಡನೆಯದಕ್ಕೆ ತೇಗು, ಮೂರನೆಯದಕ್ಕೆ ತಲೆನೋವು. ನಾವೆಲ್ಲ ಅದನ್ನೇ ಬಿಯರ್ ಅಂದುಕೊಂಡು ಕುಡಿದು ಬೆಳೆದವರು.

ಡೇರಿಯನ್ನು ಬೇರೆ ಕಡೆಯ ದೊಡ್ಡ ಡೇರಿಗೆ ಸೇರಿಸಿ ಇಲ್ಲಿಯದನ್ನು ಮುಚ್ಚಿದರು. ಭಾವನಿಗೆ ಕೈಯಲ್ಲಿ ಮೂಸಲು ಮುಚ್ಚಳವಿಲ್ಲ. ಮನೆಯಲ್ಲಿ ಉಪ್ಪಿನ ಡಬ್ಬಿ, ಎಣ್ಣೆ ಡಬ್ಬಿ ಮೂಸತೊಡಗಿದರು. ಅಕ್ಕ ನನ್ನನ್ನು ಕರೆಸಿ "ಇವರನ್ನ ಎಲ್ಲಾದ್ರೂ ಕರ್ಕೊಂಡು ಹೋಗೋ ಮಹರಾಯ, ನಿನ್ನೆ ನನ್ನ ಔಷಧಿ ಶೀಷೆನೂ ಮೂಸಿ ಬೇಡ ಅಂದ್ರು" ಅಂದಳು.

ಹಾಗೆ ಶುರುವಾಯಿತು ನಮ್ಮ ಭಾನುವಾರದ ಬೇಟೆ. ನನ್ನ ವ್ಯಾನಿನಲ್ಲಿ ಹೊರಡುವುದು, ಯಾರೋ ಎಲ್ಲೋ ಚೆನ್ನಾಗಿದೆ ಅಂದ ಕಡೆ ಹೋಗುವುದು, ಮುಖ ಹುಳ್ಳಗೆ ಮಾಡಿಕೊಂಡು ಬರುವುದು. ಒಂದು ಸಲ ನಾಲ್ಕು ಗಂಟೆ ಓಡಿಸಿ ಹೆದ್ದಾರಿ ಪಕ್ಕದ ಒಂದು ಹೋಟೆಲಿಗೆ ಹೋದೆವು. ಬಾಗಿಲಲ್ಲೇ ಬೋರ್ಡು: ಇಲ್ಲಿಯೇ ತಯಾರಿಸಿದ ತಾಜಾ ಬಿಯರ್. ಭಾವನ ಮುಖ ಅರಳಿತು. ಗಾಜಿನ ಮಗ್ಗು ಬಂದಾಗ ಅದರ ಬಾಯಿಯನ್ನು ಅಂಗೈಯಿಂದ ಮುಚ್ಚಿ, ಸ್ವಲ್ಪ ಹೊತ್ತು ಬಿಟ್ಟು, ಕೈ ಎತ್ತಿ ಅಂಗೈಯನ್ನು ಮೂಸಿದರು. ಮುಚ್ಚಳ ಇಲ್ಲದ ಕಡೆ ಅವರಿಗೆ ಅಂಗೈಯೇ ಮುಚ್ಚಳ.

"ಇದನ್ನ ಎಲ್ಲಿ ಮಾಡ್ತೀರಪ್ಪ?" ಅಂತ ಮಾಣಿಯನ್ನು ಕೇಳಿದರು.

"ಇಲ್ಲೇ ಸಾರ್. ಒಳಗೆ."

"ಒಳಗೆ ಅಂದ್ರೆ?"

"ಅಡುಗೆಮನೆ ಹಿಂದೆ ಸಾರ್."

ನಾನು ಎದ್ದು ಹೋಗಿ ನೋಡಿಯೇ ಬಿಟ್ಟೆ. ಅಡುಗೆಮನೆ ಹಿಂದೆ ಅದೇ ಕಂಪನಿಯ ಕ್ರೇಟುಗಳು! ಒಬ್ಬ ಬಾಟಲಿ ಬಗ್ಗಿಸಿ ಜಗ್ಗಿಗೆ ಸುರಿಯುತ್ತಿದ್ದಾನೆ, ಬಣ್ಣಕ್ಕೆ ಸೀದ ಸಕ್ಕರೆ ಪಾಕ ಬೆರೆಸುತ್ತಿದ್ದಾನೆ. ನನ್ನ ಪಿತ್ತ ನೆತ್ತಿಗೇರಿತು. ಅವನ ಕೊರಳಪಟ್ಟಿ ಹಿಡಿದು "ಇದಕ್ಕೆ ತಾಜಾ ಅಂತೀಯೇನೋ?" ಅಂತ ಅಲ್ಲಾಡಿಸಿದೆ. ಭಾವ ಹಿಂದಿನಿಂದ ಬಂದು ನನ್ನ ಕೈ ಬಿಡಿಸಿದರು.

"ಬಿಡೋ. ಅವನೇನು ಮಾಡ್ತಾನೆ. ಒಳ್ಳೇದನ್ನ ಒಂದ್ಸಲ ಕುಡಿದವರು ಈ ಕಡೆ ಯಾರಿದ್ದಾರೆ, ಇವನನ್ನ ಬೈಯೋಕೆ?"

ವಾಪಸು ಬರುವಾಗ ಅರ್ಧ ದಾರಿಯಲ್ಲಿ ಭಾವ, ಬೀಡಿ ಅಂಗಡಿ ಬಂದರೆ ನಿಲ್ಲಿಸು ಅನ್ನುವಷ್ಟೇ ಸಲೀಸಾಗಿ, "ನಾವೇ ಮಾಡೋಣ" ಅಂದರು.

ಅಕ್ಕ ಕೇಳಿ ನಕ್ಕಿದ್ದೇ ನಕ್ಕಿದ್ದು. "ಇಬ್ಬರು ಗಂಡಸರು ವರ್ಷಾನುಗಟ್ಟಲೆ ಸುತ್ತಾಡಿ ಒಂದು ಲೋಟ ಹುಡುಕೋಕೆ ಆಗ್ಲಿಲ್ಲ. ಈಗ ಮಾಡ್ತಾರಂತೆ, ಮಾಡ್ತಾರೆ!"

ಮಾಡಿದರು. ಪರವಾನಗಿ ಕೈಗೆ ಬರಲು ಎರಡು ವರ್ಷ ಹಿಡಿಯಿತು. ಆ ಕಚೇರಿಗೆ ನಾನು ಜೊತೆಗೆ ಹೋಗದಂತೆ ಅಕ್ಕ ತಡೆದಿದ್ದಳು, ಇಲ್ಲದಿದ್ದರೆ ಇನ್ನೂ ಎರಡು ವರ್ಷ ಆಗುತ್ತಿತ್ತು. ಊರಾಚೆ ಹಾಳುಬಿದ್ದಿದ್ದ ಐಸ್ ಫ್ಯಾಕ್ಟರಿಯ ಒಂದು ಭಾಗವನ್ನು ಬಾಡಿಗೆಗೆ ಹಿಡಿದರು. ಮೊಳದಪ್ಪ ಗೋಡೆ, ಬೇಸಿಗೆಯಲ್ಲೂ ತಂಪು. ಮುಚ್ಚಿದ ಡೇರಿಯಿಂದ ಎರಡು ಸ್ಟೀಲ್ ಟ್ಯಾಂಕು ತಂದರು. ಬಾರ್ಲಿ ಕಾಳನ್ನು ಮೊಳಕೆ ಬರಿಸಿ ಹುರಿದದ್ದು ಮಾಲ್ಟು, ಕಹಿಗೆ ಹಾಪ್ಸ್ ಅನ್ನುವ ಹೂವು, ಹುದುಗಲು ಯೀಸ್ಟು, ಮಿಕ್ಕದ್ದೆಲ್ಲ ನೀರು ಮತ್ತು ಶುಚಿ. "ಇದೂ ಹಾಲಿನ ಹಾಗೇ ಕಣೋ, ಸ್ವಲ್ಪ ಕೊಳೆ ಇದ್ರೂ ಮುನಿಸ್ಕೊಳ್ಳುತ್ತೆ" ಅನ್ನುತ್ತಿದ್ದರು.

ಪೈಪಿನ ಕೆಲಸವೆಲ್ಲ ನನ್ನದು. ಕಾಳು ಬೇಯಿಸಿದ ಹಂಡೆಯಿಂದ, ರಸ ತಣ್ಣಗಾದ ಮೇಲೆ, ಟ್ಯಾಂಕಿಗೆ ಹೋಗುವ ದಾರಿಯಲ್ಲಿ ಮೊಣಕೈಯ ಹಾಗೆ ಬಾಗಿದ ಒಂದು ಬೆಂಡ್ ಪೈಪು ಬೇಕಿತ್ತು. ಎರಡು ತುಂಡು ಸೇರಿಸಿ ನಾನೇ ಬೆಸೆದೆ. ಸ್ಟೀಲ್ ಪೈಪು ಬೆಸೆಯುವಾಗ ಒಳಗಡೆಯೂ ಆರ್ಗಾನ್ ಗ್ಯಾಸ್ ಹಾಯಿಸಬೇಕು, ಇಲ್ಲದಿದ್ದರೆ ಒಳಮೈ ಸುಟ್ಟು ಒರಟಾಗುತ್ತದೆ. ಆ ದಿನ ಬೆಳಗಿನಿಂದ ಭಾವ ನನ್ನ ಮೂರು ಬೆಸುಗೆಗಳನ್ನು ಮತ್ತೆ ಮಾಡಿಸಿದ್ದರು. ಊಟವೂ ಆಗಿರಲಿಲ್ಲ.

"ಒಳಗಡೆನೂ ನುಣ್ಣಗಿದೆ ತಾನೆ?" ಅಂದರು.

"ಇದೆ ಭಾವ, ಇದೆ! ಇಪ್ಪತ್ತೈದು ವರ್ಷದಿಂದ ಇದೇ ಕೆಲಸ ಮಾಡ್ತಿದ್ದೀನಿ. ನಿಮಗೆ ನಂಬಿಕೆ ಇಲ್ದಿದ್ರೆ ಬೇರೆಯವರನ್ನ ಕರೆಸಿ!" ಅಂತ ಕೈಗವಸು ಎಸೆದು ಹೊರಟುಹೋದೆ.

"ಸರಿ, ನುಣ್ಣಗಿದೆ ಅಂದ್ಯಲ್ಲ, ಸಾಕು" ಅಂತ ಅವರು ಹಿಂದಿನಿಂದ ಹೇಳಿದ್ದು ಕೇಳಿಸಿತು.

ಮೊದಲನೆಯ ಬಿಯರ್ ತಯಾರಾಗಲು ಹದಿನೆಂಟು ದಿನ. ಶುಕ್ರವಾರ ಸಂಜೆ ನಾಲ್ಕಕ್ಕೆ ಬಾಗಿಲು ತೆಗೆದರು. ಬಂದವರು ಐದೇ ಜನ: ಬಸ್ ಡ್ರೈವರು, ಆಸ್ಪತ್ರೆಯ ದೊಡ್ಡ ನರ್ಸಮ್ಮ, ಅವರ ಯಜಮಾನರು, ಅಕ್ಕ, ನಾನು. ಬಸ್ ಡ್ರೈವರು ಒಂದು ಗುಟುಕು ಕುಡಿದು ಲೋಟವನ್ನೇ ದಿಟ್ಟಿಸಿದ. "ಹಾಗಾದ್ರೆ ಇಷ್ಟು ದಿನ ನಾನು ಕುಡೀತಿದ್ದಿದ್ದು ಏನು?" ಅಂದ. ನಾನು ಕುಡಿದೆ. ಸೀದ ಬ್ರೆಡ್ಡಿನ ಅಂಚು, ಆಮೇಲೆ ಕಿತ್ತಳೆ ಸಿಪ್ಪೆ. ಅಷ್ಟು ವರ್ಷ ಭಾವ ಹೇಳುತ್ತಿದ್ದದ್ದು ಕಟ್ಟುಕತೆಯಾಗಿರಲಿಲ್ಲ. ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಅಕ್ಕ ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೊಂದು ಗುರುತು ಹಾಕಿದಳು. ಬಿಯರಿಗಲ್ಲವಂತೆ, ನಾನು ಸುಮ್ಮನಿದ್ದದ್ದಕ್ಕಂತೆ.

ಎರಡು ತಿಂಗಳಲ್ಲಿ ಶುಕ್ರವಾರ, ಶನಿವಾರ ಬೆಂಚುಗಳು ತುಂಬತೊಡಗಿದವು. ಮೂರು ಗಂಟೆ ದೂರದಿಂದ ಕಲ್ಲುಗಣಿಯ ಎಂಜಿನಿಯರುಗಳು, ಹೊಲಿಗೆ ಅಂಗಡಿಯ ಅಕ್ಕತಂಗಿಯರು, ಕೋರ್ಟಿನ ಗುಮಾಸ್ತರು. ಭಾವ ಲೋಟ ಕೊಡುವ ಮುಂಚೆ ಟ್ಯಾಂಕಿಗೆ ಗೆಣ್ಣಿನಿಂದ ತಟ್ಟಿ "ತಗೋ" ಅನ್ನುವರು. ಮೂರು ಸಲ ಮಾಡಿದ ಬಿಯರೂ ಹೀಗೆ ಚೆನ್ನಾಗಿ ಬಂತು.

ಆ ವರ್ಷ ಚಳಿಗಾಲದಲ್ಲಿ ಭಾವನಿಗೆ ಜ್ವರ ಬಂತು. ಹನ್ನೆರಡು ದಿನ ಮಲಗಿದರು. ಜ್ವರ ಬಿಟ್ಟಿತು, ಆದರೆ ಹೋಗುವಾಗ ಮೂಗನ್ನೂ ಅರ್ಧ ಎತ್ತಿಕೊಂಡು ಹೋಯಿತು. ಯಾರಿಗೂ ಹೇಳಲಿಲ್ಲ. ಒಲೆಯ ಮೇಲೆ ಹಾಲು ಉಕ್ಕಿ ಸೀದುಹೋದರೂ ಪಕ್ಕದಲ್ಲೇ ಕೂತಿದ್ದವರು ತಲೆ ಎತ್ತದಿದ್ದಾಗ ಅಕ್ಕನಿಗೆ ಮಾತ್ರ ತಿಳಿಯಿತು.

ಅದೇ ಹೊತ್ತಿಗೆ ತಯಾರಾದ ನಾಲ್ಕನೆಯ ಬಿಯರನ್ನು ನಾನು ಶುಕ್ರವಾರ ಬಾಯಿಗಿಟ್ಟೆ. ನಾಲಿಗೆಯ ಎರಡೂ ಪಕ್ಕ ಜುಮ್ಮೆಂದಿತು. ಹುಳಿ! ಮೂರು ದಿನ ಒದ್ದೆಯಿದ್ದ ಬಟ್ಟೆಯ ಹುಳಿ. ಸುತ್ತ ನೋಡಿದೆ. ಎಲ್ಲರೂ ಕುಡಿಯುತ್ತಿದ್ದರು. ಭಾವ ನರ್ಸಮ್ಮನನ್ನು "ಹೇಗಿದೆ ತಾಯಿ?" ಅಂದರೆ "ಚೆನ್ನಾಗಿದೆ" ಅಂದರು. ಬಸ್ ಡ್ರೈವರು "ಪರವಾಗಿಲ್ಲಣ್ಣ, ಇದೊಂಥರ ಬೇರೆ ರುಚಿ" ಅಂದ. ಎಲ್ಲರಿಗೂ ಗೊತ್ತು, ಯಾರೂ ಹೇಳುತ್ತಿಲ್ಲ. ಹೇಳಿದರೆ ನಿಲ್ಲಿಸಿಬಿಟ್ಟಾರು, ಮತ್ತೆ ಬಿಸಿಲಲ್ಲಿ ಬೆಂದ ಬಾಟಲಿಯೇ ಗತಿ ಅನ್ನುವ ಭಯ ಅವರಿಗೆ.

ಆ ನಯವೇ ನನಗೆ ಉರಿ ಹತ್ತಿಸಿತು. ಲೋಟ ಕುಕ್ಕಿ ಎದ್ದೆ. "ಭಾವ! ಇದು ಹುಳಿ! ಕುಡಿಯೋಕಾಗಲ್ಲ! ಇವರೆಲ್ಲ ನಿಮಗೆ ಸುಳ್ಳು ಹೇಳ್ತಿದ್ದಾರೆ!"

ಭಾವ ನನ್ನ ಲೋಟ ತೆಗೆದುಕೊಂಡು ಅಂಗೈಯಿಂದ ಮುಚ್ಚಿ, ಎತ್ತಿ ಮೂಸಿದರು. ಮತ್ತೆ ಮುಚ್ಚಿದರು, ಮತ್ತೆ ಮೂಸಿದರು.

"ನನಗೆ ಗೊತ್ತಾಗ್ಲಿಲ್ಲ ಕಣೋ" ಅಂದರು.

ಎಲ್ಲರಿಗೂ ಕೈಮುಗಿದು ಕಳಿಸಿ, ಟ್ಯಾಂಕಿನ ನಲ್ಲಿ ತಿರುಗಿಸಿ, ಅಷ್ಟನ್ನೂ ಚರಂಡಿಗೆ ಬಿಟ್ಟರು. ಅದು ಹರಿದು ಮುಗಿಯುವವರೆಗೆ ಪಕ್ಕದಲ್ಲೇ ಕುರ್ಚಿ ಹಾಕಿಕೊಂಡು ಕೂತಿದ್ದರು.

ಅಕ್ಕ ಹೊರಗೆ ನನ್ನನ್ನು ಹಿಡಿದಳು. "ನೀನು ಹೇಳಿದ್ದು ಸರಿ. ಅದನ್ನ ಅವರ ಕಿವೀಲಿ ಹೇಳೋಕೆ ನಿನಗೇನು ರೋಗ? ಜೀವಮಾನವೆಲ್ಲ ಆ ಮೂಗಿನ ಮೇಲೆ ಬದುಕಿದ ಮನುಷ್ಯ ಅವರು."

ಐದನೆಯದೂ ಹುಳಿಯಾಯಿತು. ಆರನೆಯದೂ. ಈ ಎರಡು ಸಲ ಬಾಗಿಲು ತೆಗೆಯುವ ಮುಂಚೆ ಭಾವ ನನ್ನನ್ನೇ ಕರೆಸಿ ರುಚಿ ನೋಡಿಸಿ, ಚೆಲ್ಲಿದರು. ನಾನು ಸಿಕ್ಕವರ ಮೇಲೆಲ್ಲ ಹರಿಹಾಯ್ದೆ. ಮಾಲ್ಟ್ ಕಳಿಸುವವನಿಗೆ ಫೋನಿನಲ್ಲಿ ಬೈದೆ. ಅವನು ಬೇರೆಯವರಿಗೂ ಅದೇ ಮೂಟೆಯದು ಕೊಟ್ಟಿದ್ದೇನೆ, ಅವರದು ಚೆನ್ನಾಗಿದೆ ಅಂದ. ನೀರಿನ ಟ್ಯಾಂಕರಿನವನ ಜೊತೆ ಜಗಳ ತೆಗೆದೆ. ಅವನು ಅಲ್ಲೇ ನಲ್ಲಿ ಬಿಟ್ಟು ಎರಡು ಲೋಟ ಗಟಗಟ ಕುಡಿದು ತೋರಿಸಿದ. ಭಾವ ಯಾರನ್ನೂ ದೂರಲಿಲ್ಲ. "ಶುಚಿ ಮಾಡಿದ್ದು ಸಾಲದು, ಎಷ್ಟಾದ್ರೆ ಸಾಕು ಅಂತ ಹೇಳೋ ಮೂಗು ನನಗೀಗ ಇಲ್ಲ. ಅಷ್ಟೇ" ಅನ್ನುತ್ತಿದ್ದರು. ಒಂದು ದಿನ ನನ್ನ ಮುಂದೆಯೇ ಅಕ್ಕನಿಗೆ ಹೇಳಿದರು: "ಹಣ್ಣಿನ ರಸ ಮಾಡೋರು ಈ ಟ್ಯಾಂಕು ಕೇಳ್ತಿದ್ದಾರೆ. ಇನ್ನೊಂದೇ ಸಲ ನೋಡ್ತೀನಿ. ಅದೂ ಕೆಟ್ರೆ ಕೊಟ್ಟುಬಿಡ್ತೀನಿ."

ಅಕ್ಕ ಏನೂ ಅನ್ನಲಿಲ್ಲ. ಅಕ್ಕ ಏನೂ ಅನ್ನದಿದ್ದರೆ ವಿಷಯ ಮುಗಿದಂತೆಯೇ.

"ಇನ್ನೊಂದು ಸಲ ಮಾಡೋಕೆ ಮುಂಚೆ, ಡೇರೀಲಿ ಏನು ಮಾಡ್ತಿದ್ರಿ ಅದನ್ನ ಮಾಡಿ ಭಾವ. ಹಾಲು ಕೆಟ್ರೆ ಎಲ್ಲಿ ಕೆಟ್ಟಿತು ಅಂತ ಹೇಗೆ ಹುಡುಕ್ತಿದ್ರಿ?" ಅಂದೆ.

ಭಾವ ನನ್ನ ಕಡೆ ತಿರುಗಿದರು. "ಬಿಚ್ಚಿದ ಒಂದೊಂದು ಭಾಗನೂ ಬೇರೆ ಬೇರೆ ಪಾತ್ರೇಲಿ ಉಗುರುಬೆಚ್ಚಗಿನ ನೀರಲ್ಲಿ ಮುಳುಗಿಸಿ ಮುಚ್ಚಿಡೋದು. ಮಾರನೇ ದಿನ ಮುಚ್ಚಳ ಮೂಸೋದು. ಆದ್ರೆ ಮೂಸೋರು ಯಾರು?"

"ನಾನು."

"ನಿನಗೆ ಕಬ್ಬಿಣದ ಹೊಗೆ ಬಿಟ್ರೆ ಬೇರೆ ವಾಸನೆ ಗೊತ್ತೇನೋ?"

"ಹುಳಿ ಅಂತ ಕೂಗಿದ್ದು ನಾನೇ ತಾನೆ?"

ಭಾವ ನಕ್ಕರು. ಜ್ವರ ಬಂದ ಮೇಲೆ ನಕ್ಕದ್ದು ಅದೇ ಮೊದಲು.

ಮಾರನೆಯ ಬೆಳಿಗ್ಗೆ ಐಸ್ ಫ್ಯಾಕ್ಟರಿಯ ನೆಲದ ಮೇಲೆ ಸಾಲಾಗಿ ಹನ್ನೊಂದು ಪಾತ್ರೆಗಳು. ಅಕ್ಕನ ಅಡುಗೆಮನೆ ಬರಿದಾಗಿತ್ತು. ನಲ್ಲಿ, ರಬ್ಬರಿನ ಉಂಗುರಗಳು, ಕೊಳವೆ, ಪಂಪಿನ ತಲೆ, ಬೆಂಡ್ ಪೈಪು, ಎಲ್ಲ ಹಿಂದಿನ ದಿನದಿಂದ ನೀರಲ್ಲಿ. ನಾನು ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಮುಚ್ಚಳ ಎತ್ತಿದೆ. ಭಾವ ಹಿಂದೆ ನಿಂತು ಹೇಳಿಕೊಡುತ್ತಿದ್ದರು.

"ಆತುರ ಬೇಡ. ಬೋರಲು ಮಾಡು. ಉಸಿರು ಎಳೀಬೇಡ, ತಾನಾಗಿ ಬರಲಿ."

ಮೊದಲನೆಯದು ಬರೀ ನೀರು. ಎರಡನೆಯದು ರಬ್ಬರು. ಮೂರು, ನಾಲ್ಕು, ಐದು, ಆರು, ಏನೂ ಇಲ್ಲ. ಏಳನೆಯ ಮುಚ್ಚಳ ಎತ್ತಿದೆ. ಒದ್ದೆ ಬಟ್ಟೆ! ಅದೇ ಹುಳಿ, ಮೂಗಿಗೆ ಹೊಡೆದ ಹಾಗೆ.

ಪಾತ್ರೆಯಲ್ಲಿದ್ದದ್ದು ಬೆಂಡ್ ಪೈಪು. ನಾನು ಬೆಸೆದದ್ದು.

ಎತ್ತಿ ನೀರು ಬಸಿದು ಬೆರಳು ಒಳಗೆ ತೂರಿಸಿದೆ. ಬೆಸೆದ ಜಾಗದಲ್ಲಿ ಬೆರಳಿಗೆ ಮರಳುಕಾಗದದಂಥ ಒರಟು ತಾಗಿತು. ಉಗುರಿನಿಂದ ಕೆರೆದರೆ ಲೋಳೆ ಬಂತು. ಆ ಒರಟಿನ ಸಂದುಗಳಲ್ಲಿ ಕೊಳೆ ಮನೆ ಮಾಡಿಕೊಂಡಿತ್ತು, ಯಾವ ಬಿಸಿನೀರಿಗೂ ಜಗ್ಗದೆ. ಮೊದಲ ಮೂರು ಸಲ ಅದು ಬೇರೂರುತ್ತಿತ್ತು, ಆಮೇಲೆ ಹಾದುಹೋದದ್ದನ್ನೆಲ್ಲ ಕೆಡಿಸಿತು. ಆ ದಿನ ಕೋಪದಲ್ಲಿ ನಾನು ಒಳಗಡೆ ಗ್ಯಾಸ್ ಹಾಯಿಸಿರಲಿಲ್ಲ. ಮರೆತಿದ್ದೆನೋ, ಬೇಕೆಂದೇ ಬಿಟ್ಟಿದ್ದೆನೋ, ಪ್ರಾಮಾಣಿಕವಾಗಿ ಹೇಳಬೇಕೆಂದರೆ ನನಗೂ ಗೊತ್ತಿಲ್ಲ. ಇದೆ ಅಂದಿದ್ದಂತೂ ನಿಜ.

"ಸಿಕ್ತಾ?" ಅಂದರು ಭಾವ.

ರಬ್ಬರಿನ ಉಂಗುರ ಹಳತಾಗಿದೆ, ಬದಲಾಯಿಸೋಣ ಅಂತ ಹೇಳಿ, ಸಂಜೆ ಸದ್ದಿಲ್ಲದೆ ಬೇರೆ ಬೆಂಡು ಬೆಸೆದು ತಂದು ಹಾಕಿದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಆ ಮಾತು ನಾಲಿಗೆಯ ತುದಿಯವರೆಗೂ ಬಂದಿತ್ತು. ಆದರೆ ಅವರು ತಮ್ಮ ಮೂಗನ್ನು ಹಳಿದುಕೊಳ್ಳುತ್ತ ಮೂರು ಸಲದ ಬಿಯರನ್ನೂ ಚರಂಡಿಗೆ ಬಿಟ್ಟವರು. ನಾನು ಪೈಪನ್ನು ಅವರ ಮುಂದೆ ಹಿಡಿದೆ.

"ನೀವೇ ನೋಡಿ ಭಾವ" ಅಂದೆ.

ಭಾವ ಬೆರಳು ಒಳಗೆ ಹಾಕಿದರು. ಪೈಪಿನ ಬಾಯಿಗೆ ಅಂಗೈ ಇಟ್ಟು ಒಂದು ನಿಮಿಷ ಬಿಟ್ಟು ಮೂಸಿದರು. ಹುಬ್ಬು ಮೇಲೆ ಹೋಯಿತು. "ತುಂಬಾ ದೂರದಲ್ಲಿ... ಬಂತು ಕಣೋ. ಸ್ವಲ್ಪ ಬಂತು" ಅಂದರು.

"ನಾನು ಒಳಗೆ ಗ್ಯಾಸ್ ಹಾಯಿಸಿರಲಿಲ್ಲ. ನುಣ್ಣಗಿದೆ ಅಂತ ಸುಳ್ಳು ಹೇಳಿದೆ."

"ಎಲ್ಲಾನೂ ಬೆರಳು ಹಾಕಿ ನೋಡಿದ್ದೆ" ಅಂದರು ಭಾವ, ಮೆಲ್ಲಗೆ. "ಇದೊಂದಕ್ಕೆ ಹಾಕಿರಲಿಲ್ಲ. ನೀನು ನುಣ್ಣಗಿದೆ ಅಂದಿದ್ದೆಯಲ್ಲ."

ಬೈದಿದ್ದರೆ ತಿರುಗಿ ಬೈಯಬಹುದಿತ್ತು. ವ್ಯಾನಿನಿಂದ ಸಾಮಾನು ಇಳಿಸಿ ಅಲ್ಲೇ ಕೂತೆ. ಹೊಸ ತುಂಡು ಕತ್ತರಿಸಿ, ಎರಡೂ ಬಾಯಿ ಮುಚ್ಚಿ, ಒಳಗೆ ಗ್ಯಾಸ್ ಹಾಯಿಸಿ, ಉಸಿರು ಬಿಗಿಹಿಡಿದು ಬೆಸೆದೆ. ಆಮೇಲೆ ಬೆರಳಿಗೆ ಬಟ್ಟೆ ಸುತ್ತಿಕೊಂಡು ಮಧ್ಯಾಹ್ನದವರೆಗೆ ಒಳಗಡೆ ಉಜ್ಜಿದೆ. ಅಕ್ಕ ಊಟ ತಂದಿಟ್ಟು "ಏನಿವತ್ತು ಇಷ್ಟು ಮೌನ, ನಾಲಿಗೆನೂ ಬೆಸೆದುಕೊಂಡ್ಯಾ?" ಅಂದಳು. ಭಾವ ಅವಳಿಗೆ ಕಣ್ಸನ್ನೆ ಮಾಡಿದರು. ಪೈಪು ತಣ್ಣಗಾದ ಮೇಲೆ ಅವರ ಕೈಗೆ ಕೊಟ್ಟೆ. ಬೆರಳು ಹಾಕಿ ನೋಡಿದರು, ಈ ಸಲ ನಾನೇ ಕೇಳಿಕೊಂಡಿದ್ದೆ.

ಹದಿನೆಂಟು ದಿನವೂ ಕೆಲಸ ಮುಗಿಸಿ ಅಲ್ಲಿಗೆ ಹೋಗಿ ಟ್ಯಾಂಕನ್ನು ನೋಡಿಕೊಂಡು ಬರುತ್ತಿದ್ದೆ, ಆಸ್ಪತ್ರೆಯಲ್ಲಿರುವವರನ್ನು ನೋಡಲು ಹೋದ ಹಾಗೆ. ಹತ್ತೊಂಬತ್ತನೆಯ ದಿನ ಶುಕ್ರವಾರ. ಹಿಂದಿನ ಎರಡು ಸಲದಂತೆ ಮೊದಲು ನನಗೊಬ್ಬನಿಗೇ ರುಚಿ ನೋಡಿಸಲು ಭಾವ ಕರೆದರು. ನಾನು ಬೇಡ ಅಂದೆ, ಎಲ್ಲರ ಮುಂದೆಯೇ ಆಗಲಿ ಅಂದೆ. ಸುದ್ದಿ ಕಳಿಸಿದೆವು. ನಾಲ್ಕು ಗಂಟೆಗೆ ಬೆಂಚುಗಳಲ್ಲಿ ಹನ್ನೆರಡು ಜನ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

ಭಾವ ಒಂದು ಲೋಟ ಹಿಡಿದು ಅಂಗೈಯಿಂದ ಮುಚ್ಚಿ ಮೂಸಿದರು. ಅವರಿಗೆ ಎಷ್ಟು ಸಿಕ್ಕಿತೋ ಮುಖ ನೋಡಿ ತಿಳಿಯಲಿಲ್ಲ. ಲೋಟ ನನ್ನ ಕೈಗಿಟ್ಟರು.

"ಹೇಳು. ಅವತ್ತಿನ ಹಾಗೇ ಕೂಗಿ ಹೇಳು."

ಕುಡಿದೆ. ಬ್ರೆಡ್ಡಿನ ಸೀದ ಅಂಚು. ಕಿತ್ತಳೆ ಸಿಪ್ಪೆ. ಮಾತಾಡಿಸುವ ಕಹಿ. ನಾಲಿಗೆಯ ಪಕ್ಕದಲ್ಲಿ ಹುಳಿಗಾಗಿ ಹುಡುಕಿದೆ, ಇನ್ನೊಂದು ಗುಟುಕು ಕುಡಿದು ಮತ್ತೆ ಹುಡುಕಿದೆ. ಇರಲಿಲ್ಲ.

"ಚೆನ್ನಾಗಿದೆ" ಅಂದೆ. ದನಿ ಹೊರಡಲಿಲ್ಲ.

"ಏನು ಕಿಡಿ, ಕೇಳಿಸ್ತಿಲ್ಲ!" ಅಂದ ಬಸ್ ಡ್ರೈವರು. "ದನಿ ಟ್ಯಾಂಕಿಗೆ ಬಿದ್ದೋಯ್ತಾ?"

"ಚೆನ್ನಾಗಿದೆ ಅಂದೆ! ಹುಳಿಗೆ ಕಾರಣ ಭಾವ ಅಲ್ಲ, ನಾನು. ಪೈಪು ನೆಟ್ಟಗೆ ಬೆಸೆದಿರಲಿಲ್ಲ. ಮೂರು ಸಲವೂ ನಾನೇ ಕೆಡಿಸಿದ್ದು. ಮತ್ತೆ ನೀವು, ಹುಳಿಯಾಗಿದ್ರೂ ಚೆನ್ನಾಗಿದೆ ಅಂದ್ರಲ್ಲ, ನಿಮಗೂ ನಾಚಿಕೆಯಾಗಬೇಕು!"

"ಅಬ್ಬಾ, ಈಗ ಸರಿಹೋದ" ಅಂದರು ನರ್ಸಮ್ಮ.

ನಗು ಎದ್ದಿತು. ಭಾವ ನಗಲಿಲ್ಲ. ನನ್ನ ಕೈಯಿಂದ ಲೋಟ ತೆಗೆದುಕೊಂಡು ಒಂದು ಗುಟುಕು ಕುಡಿದರು. ಅವರ ಮೂಗು ಪೂರ್ತಿ ಮರಳಲಿಲ್ಲ, ಇನ್ನು ಮರಳುವುದೂ ಇಲ್ಲವೇನೋ. ಈಗ ಪ್ರತಿ ಗುರುವಾರ ಬೆಳಿಗ್ಗೆ ನಾನು ಹೋಗಿ ಮುಚ್ಚಳ ಮೂಸುತ್ತೇನೆ, ಅವರು ಪಕ್ಕದಲ್ಲಿ ನಿಂತು ಆತುರ ಬೇಡ ಅನ್ನುತ್ತಾರೆ. ಆದರೆ ಆ ಶುಕ್ರವಾರ ಅವರು ಟ್ಯಾಂಕಿನ ಹತ್ತಿರ ಹೋಗಿ, ಹೊಸ ಬೆಂಡ್ ಪೈಪಿಗೆ ಬೆರಳ ಗೆಣ್ಣಿನಿಂದ ಒಂದು ಸಲ ತಟ್ಟಿದರು.

"ತಗೋ" ಅಂದರು.